ತಮ್ಮನನ್ನು ಎಳೆದು ತರಬೇಡ

ಪ್ರಿಯ ಗೆಳೆಯಾ,

ನಾಲ್ಕು ಜನರನ್ನು ಕಟ್ಟಿಕೊಂಡು ಪುಣೆಯಿಂದ ಬಂದು ತಮ್ಮನನ್ನು ಆ ‘ಗುರೂಜಿ’ಯ ಪಂಥದ ಕೇಂದ್ರದಿಂದ ಎಳೆದು ತರುತ್ತೇನೆ ಎಂದು ಬರೆದಿದ್ದೀಯ. ಬೇಡ. ಯಾಕೆ ಬೇಡ ಎಂಬುದು ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಂಥದೇ ಸಂಕಟದಲ್ಲಿರುವ ಬೇರೆಯವರೂ ಓದಲಿ ಎಂದು ನೀನೇ ಹೇಳಿದ್ದರಿಂದ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ನವನಗರದ ನಿಮ್ಮ ಮನೆಗೆ ಹೋಗಿ ಬಂದೆ. ದೇವರ ಜಗಲಿಯ ನಡುವೆ ಈಗ ‘ಗುರೂಜಿ’ಯ ದೊಡ್ಡ ಫೋಟೊ ಕುಳಿತಿದೆ. ನಿಮ್ಮಜ್ಜನ ಬೆಳ್ಳಿ ಕರಡಿಗೆ, ವಿಭೂತಿ ಗಟ್ಟಿ ಎರಡೂ ಮೂಲೆಗೆ ಸರಿದಿವೆ. ಅದನ್ನು ನೋಡಿ ನಿಮ್ಮವ್ವನಿಗೆ ಸಂಕಟ. ನನಗೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಕುಬಸದ ಮಾತು. ಅಕ್ಕನ ಮಗಳ ಕುಬಸಕ್ಕೆ ಗದಗಿಗೆ ಹೋಗುತ್ತೀಯಲ್ಲ ಎಂದು ಕೇಳಿದರೆ, ‘ಕೇಂದ್ರದ ಸಂಚಾಲಕರನ್ನು ಕೇಳಿ ಹೇಳುತ್ತೇನೆ’ ಎಂದ ನಿನ್ನ ತಮ್ಮ. ಕಚೇರಿಯಲ್ಲಿ ಹತ್ತು ಜನರಿಗೆ ರಜೆ ಮಂಜೂರು ಮಾಡುವವನು ಸ್ವಂತ ಅಕ್ಕನ ಮನೆಗೆ ಹೋಗಲು ರಜೆ ಕೇಳಬೇಕು! ಮೇಜಿನ ಮೇಲೆ ಒಂದು ನೋಟ್‌ಬುಕ್ ಇತ್ತು. ಗುರೂಜಿಯ ಬಗ್ಗೆ ಮನಸ್ಸಿನಲ್ಲಿ ಎದ್ದ ಅನುಮಾನಗಳನ್ನೆಲ್ಲ ಅದರಲ್ಲಿ ಬರೆದು ವಾರಕ್ಕೊಮ್ಮೆ ಒಪ್ಪಿಸಬೇಕಂತೆ. ಅನುಮಾನ ಬರುವುದು ಸಹಜ ಎಂದು ಅವರಿಗೂ ಗೊತ್ತಿದೆ. ಆದರೆ ಅದು ಅವನೊಳಗೇ ಉಳಿಯಲು ಬಿಡುವುದಿಲ್ಲ.

ಇಂಜಿನಿಯರಿಂಗ್ ಓದಿದವನ ಬುದ್ಧಿ ಎಲ್ಲಿ ಹೋಯಿತು ಎಂದು ಕೇಳಿದ್ದೀಯ. ಬುದ್ಧಿ ಎಲ್ಲಿಗೂ ಹೋಗಿಲ್ಲ. ಜಪಾನಿನ ಓಂ ಶಿನ್ರಿಕ್ಯೋ ಪಂಥ 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ಎಂಬ ವಿಷಾನಿಲ ಬಿಟ್ಟಿತಲ್ಲ, ಆ ವಿಷ ತಯಾರಿಸಿದವರು ರಸಾಯನಶಾಸ್ತ್ರ ಓದಿದವರು. ರೈಲಿನೊಳಗೆ ಅದರ ಚೀಲವನ್ನು ಚುಚ್ಚಿದವರಲ್ಲಿ ಒಬ್ಬ ಹೃದಯದ ಶಸ್ತ್ರವೈದ್ಯನಿದ್ದ. ಓದು ಇಲ್ಲಿ ಅಡ್ಡಗೋಡೆಯಾಗುವುದಿಲ್ಲ. ಜಾಣನಾದವನು ತಾನು ನಂಬಿದ್ದಕ್ಕೆ ದಡ್ಡನಿಗಿಂತ ಚೆನ್ನಾಗಿ ಸಮರ್ಥನೆ ಕೊಡುತ್ತಾನೆ, ಅಷ್ಟೇ.

ಮತ್ತೆ, ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯಿಡೀ ಹೊರಗಿನ ಬೆಂಚಿನ ಮೇಲೆ ಕುಳಿತವರು ಯಾರು? ಆ ಕೇಂದ್ರದವರೇ. ಬುತ್ತಿ ತಂದರು, ರಕ್ತ ಕೊಟ್ಟರು, ಮಣ್ಣಿಗೂ ಬಂದರು. ಅವನು ಸೇರಿದ್ದು ಸಿದ್ಧಾಂತವನ್ನಲ್ಲ, ಆ ಜನರನ್ನು. ಬಹುಪಾಲು ಪಂಥಗಳ ಬಾಗಿಲು ಹೀಗೇ ತೆರೆಯುತ್ತದೆ. ಅಮೆರಿಕದ ಪಾದ್ರಿ ಜಿಮ್ ಜೋನ್ಸ್‌ನ ‘ಪೀಪಲ್ಸ್ ಟೆಂಪಲ್’ ಪಂಥ 1950ರ ದಶಕದಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಶುರುವಾದಾಗ ಬಿಳಿಯರನ್ನೂ ಕರಿಯರನ್ನೂ ಒಟ್ಟಿಗೆ ಕೂರಿಸಿತು, ಹಸಿದವರಿಗೆ ಊಟ ಹಾಕಿತು. ಒಳ್ಳೆಯ ಕೆಲಸವೆಂದು ಬಂದವರೇ ಮುಂದೆ ಆಸ್ತಿ ಬರೆದುಕೊಟ್ಟರು, ದಕ್ಷಿಣ ಅಮೆರಿಕದ ಗಯಾನಾ ದೇಶದ ಕಾಡಿಗೆ ಹೋಗಿ ನೆಲೆಸಿದರು, ಪಾಸ್‌ಪೋರ್ಟುಗಳನ್ನೂ ಒಪ್ಪಿಸಿದರು. 1978ರ ನವೆಂಬರ್ 18ರಂದು ಅಲ್ಲಿ ಒಂಬೈನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು ಮುನ್ನೂರು ಮಕ್ಕಳು. ಅದರ ಹಿಂದಿನ ದಿನ ಅಮೆರಿಕದ ಸಂಸದ ಲಿಯೋ ರಯಾನ್ ಪತ್ರಕರ್ತರೊಂದಿಗೆ ಅಲ್ಲಿಗೆ ಹೋಗಿದ್ದ. ಆಗ ಒಬ್ಬ ಸದಸ್ಯ ಗುಟ್ಟಾಗಿ ಒಂದು ಚೀಟಿ ದಾಟಿಸಿದ: ನಮ್ಮನ್ನು ಇಲ್ಲಿಂದ ಹೊರಗೆ ಕರೆದೊಯ್ಯಿರಿ. ಮರುದಿನದ ಹೊತ್ತಿಗೆ ಹೊರಡುತ್ತೇವೆಂದವರ ಸಂಖ್ಯೆ ಹತ್ತು ದಾಟಿತ್ತು. ರಯಾನ್‌ನನ್ನೇ ಕೊಂದದ್ದು ಗೊತ್ತಿರುವ ಕಥೆ. ಹೊರಗಿನ ಮುಖಗಳು ಕಣ್ಣಿಗೆ ಬಿದ್ದ ಮೇಲಷ್ಟೇ ಅವರಿಗೆ ಬಾಯಿ ಬಂತು ಎಂಬುದನ್ನು ಮಾತ್ರ ನೆನಪಿಡು.

ಹಾಗಾದರೆ ನಮ್ಮ ಮಠಗಳೇನು ಬೇರೆಯೇ ಎನ್ನುವೆ. ಅಲ್ಲಿ ತಪ್ಪೇ ನಡೆಯುವುದಿಲ್ಲ ಎಂದು ನಾನು ವಾದಿಸುವುದಿಲ್ಲ. ಪತ್ರಿಕೆ ಇಬ್ಬರೂ ಓದುತ್ತೇವೆ. ಆದರೂ ಸಿದ್ಧಾರೂಢ ಮಠದ ತೇರಿಗೆ ಹೋದವನು ಪ್ರಸಾದ ಉಂಡು, ವ್ಯವಸ್ಥೆ ಸರಿಯಿಲ್ಲ ಎಂದು ದಾರಿಯುದ್ದಕ್ಕೂ ಗೊಣಗುತ್ತಾ ಮನೆ ಸೇರುತ್ತಾನೆ. ಹಾಜರಿ ಹಾಕುವವರಿಲ್ಲ, ಮುಂದಿನ ವರ್ಷ ಬರದಿದ್ದರೆ ಕೇಳುವವರೂ ಇಲ್ಲ. ಗೋವಿಂದ ಭಟ್ಟರಿಗೆ ಶಿಷ್ಯರಾದ ಶಿಶುನಾಳದ ಶರೀಫರು ಕೊನೆಯವರೆಗೂ ಶರೀಫರಾಗಿಯೇ ಉಳಿದರು. ಗುರು ಅವರ ಹೆಸರನ್ನು ಕಿತ್ತುಕೊಳ್ಳಲಿಲ್ಲ. ಗುರುವನ್ನು ನಂಬಿದ್ದಕ್ಕೆ ನಿನ್ನ ತಮ್ಮನ ಮೇಲೆ ನನ್ನ ತಕರಾರಿಲ್ಲ. ಬಿಟ್ಟು ಬರುತ್ತೇನೆ ಎಂದರೆ ಅವರು ಏನು ಮಾಡುತ್ತಾರೆ ಎಂಬುದೊಂದೇ ನನ್ನ ಪ್ರಶ್ನೆ.

ಪಂಥ ಬೆಳೆದಷ್ಟೂ ಈ ಪ್ರಶ್ನೆ ಮನೆಯ ಹೊಸ್ತಿಲು ದಾಟುತ್ತದೆ. ಹರಿಯಾಣದ ಸಿರ್ಸಾದಲ್ಲಿರುವ ‘ಡೇರಾ ಸಚ್ಚಾ ಸೌದಾ’ ಪಂಥದ ಸಾಧ್ವಿಯೊಬ್ಬಳು ತನ್ನ ಮೇಲಾದ ಅತ್ಯಾಚಾರದ ಬಗ್ಗೆ 2002ರಲ್ಲಿ ಹೆಸರಿಲ್ಲದ ಪತ್ರ ಬರೆದಳು. ಅದನ್ನು ಅಚ್ಚು ಹಾಕಿದ ಪತ್ರಕರ್ತ ರಾಮಚಂದರ್ ಛತ್ರಪತಿ ಅದೇ ವರ್ಷ ಗುಂಡೇಟಿಗೆ ಬಲಿಯಾದರು. ಡೇರಾದ ಮುಖ್ಯಸ್ಥ ಅಪರಾಧಿ ಎಂದು ನ್ಯಾಯಾಲಯ ಹೇಳಲು 2017ರ ಆಗಸ್ಟ್ ಬರಬೇಕಾಯಿತು. ತೀರ್ಪಿನ ದಿನ ಆ ನ್ಯಾಯಾಲಯವಿದ್ದ ಪಂಚಕುಲಾ ನಗರ ಹೊತ್ತಿ ಉರಿಯಿತು, ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಲಕ್ಷಗಟ್ಟಲೆ ಭಕ್ತರೆಂದರೆ ಲಕ್ಷಗಟ್ಟಲೆ ಮತಗಳು. ಮೆಟ್ಟಿಲು ಹತ್ತಿ ಕೈ ಮುಗಿದು ಬರುವ ರಾಜಕಾರಣಿಗಳು ಎಲ್ಲ ಪಕ್ಷಗಳಲ್ಲೂ ಸಿಗುತ್ತಾರೆ.

ಈಗ ನಿನ್ನ ಯೋಜನೆಗೆ ಬರುತ್ತೇನೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಹೆತ್ತವರು ಹಣ ಕೊಟ್ಟು ಮಕ್ಕಳನ್ನು ಪಂಥಗಳಿಂದ ಹೊತ್ತು ತರಿಸಿದರು, ಕೋಣೆಯಲ್ಲಿ ಕೂಡಿಹಾಕಿ ಮನಸ್ಸು ತಿರುಗಿಸಲು ನೋಡಿದರು. ಕೆಲವರು ತಿರುಗಿದರು. ಕೆಲವರು ತಪ್ಪಿಸಿಕೊಂಡು ಮತ್ತೆ ಅಲ್ಲಿಗೇ ಓಡಿದರು. ಹೊತ್ತು ತಂದವರು ಜೈಲು ಕಂಡರು. ನಮ್ಮಲ್ಲೂ ಪೊಲೀಸರಿಗೆ ಹೇಳಲು ನಿನ್ನ ಬಳಿ ಏನಿದೆ? ಮೂಢನಂಬಿಕೆಗಳ ವಿರುದ್ಧ ನಮ್ಮ ರಾಜ್ಯದ 2017ರ ಕಾಯ್ದೆ ಮಡೆಸ್ನಾನದಂಥ, ಹಾವು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸುವಂಥ ನಿರ್ದಿಷ್ಟ ಆಚರಣೆಗಳನ್ನು ಪಟ್ಟಿ ಮಾಡಿದೆ. ವಯಸ್ಕನೊಬ್ಬ ತಾನಾಗಿ ಸಂಬಳ ಒಪ್ಪಿಸಿದರೆ ಅದು ಏನು ಮಾಡೀತು?

1954ರ ಡಿಸೆಂಬರಿನಲ್ಲಿ ಶಿಕಾಗೊ ಬಳಿ ಒಂದು ಗುಂಪು ಪ್ರಳಯಕ್ಕೆ ಕಾದು ಕುಳಿತಿತ್ತು. ಪ್ರಳಯ ಬರಲಿಲ್ಲ. ಲಿಯಾನ್ ಫೆಸ್ಟಿಂಗರ್ ಎಂಬ ಮನೋವಿಜ್ಞಾನಿಯ ತಂಡ ದಾಖಲಿಸಿದಂತೆ, ಗುರುವಿನ ಮನೆಯಲ್ಲಿ ಒಟ್ಟಿಗೆ ಕಾದವರ ನಂಬಿಕೆ ಇನ್ನೂ ಬಲಿಯಿತು. ತಂತಮ್ಮ ಮನೆಯಲ್ಲಿ ಒಂಟಿಯಾಗಿ ಕಾದವರದು ಸಡಿಲವಾಯಿತು. (ಆ ತಂಡದವರೂ ಭಕ್ತರ ವೇಷದಲ್ಲಿ ಒಳಗೆ ಸೇರಿಕೊಂಡಿದ್ದರು. ಆ ಅಧ್ಯಯನವನ್ನು ನಾನು ಪೂರ್ತಿ ನಂಬದಿರಲು ಅದೇ ಕಾರಣ.) ಇಷ್ಟಂತೂ ಒಪ್ಪುತ್ತೇನೆ: ನಂಬಿಕೆಯನ್ನು ಹಿಡಿದು ನಿಲ್ಲಿಸುವುದು ಜೊತೆಗಿರುವವರು. ನೀನು ಜಗಳವಾಡಿದರೆ, ‘ಮನೆಯವರು ವಿರೋಧಿಸುತ್ತಾರೆ’ ಎಂದು ಅವರು ಹೇಳಿಕೊಟ್ಟದ್ದು ನಿಜವಾಗಿಬಿಡುತ್ತದೆ, ಅವನಿಗೆ ಅವರ ಹೊರತು ಯಾರೂ ಉಳಿಯುವುದಿಲ್ಲ.

ಅದಕ್ಕೆ ಭಾನುವಾರ ಸುಮ್ಮನೆ ಫೋನು ಮಾಡು. ಗುರೂಜಿಯ ಸುದ್ದಿ ಎತ್ತಬೇಡ, ಬೈಯಬೇಡ, ಅಣಕಿಸಬೇಡ. ಕ್ರಿಕೆಟ್ ಮಾತಾಡು, ಅಪ್ಪನ ವರ್ಷದ ತಿಥಿಗೆ ಏನು ಮಾಡೋಣ ಎಂದು ಅವನನ್ನೇ ಕೇಳು. ಕುಬಸಕ್ಕೆ ಅನುಮತಿ ಸಿಗದಿದ್ದರೆ ಮುನಿಸಿಕೊಳ್ಳಬೇಡ ಎಂದು ಅಕ್ಕನಿಗೂ ತಿಳಿಸು. ನಾನು ಆಗಾಗ ಹೋಗಿ ಬರುತ್ತೇನೆ. ಕೇರಂ ಬೋರ್ಡು ಇನ್ನೂ ಅಟ್ಟದ ಮೇಲಿದೆಯಂತೆ.

ಹಣದ ವಿಷಯದಲ್ಲಿ ಮಾತ್ರ ಮೆತ್ತಗಾಗಬೇಡ. ಸಾಲಕ್ಕೆ ಜಾಮೀನು ಹಾಕು ಎಂದರೆ ಆಗದು ಎನ್ನು. ಉಣಕಲ್ಲಿನ ಪ್ಲಾಟು ನಿಮ್ಮವ್ವನ ಹೆಸರಿನಲ್ಲಿದೆ. ಯಾರು ಕಾಗದ ತಂದರೂ ನಿನಗೆ ತೋರಿಸದೆ ಸಹಿ ಮಾಡಬೇಡಿ ಎಂದು ಅವರಿಗೆ ಹೇಳಿ ಬಂದಿದ್ದೇನೆ. ಮೂಲ ಪತ್ರಗಳು ಈಗ ತಮ್ಮನ ಕಪಾಟಿನಲ್ಲಿವೆ. ಮುಂದಿನ ಸಲ ಬಂದಾಗ ಅವನ್ನು ಅವ್ವನ ಬ್ಯಾಂಕ್ ಲಾಕರಿಗೆ ಸೇರಿಸೋಣ. ಯಾವಾಗ ಬರುತ್ತೀಯ ತಿಳಿಸು.

ಇಂತಿ ನಿನ್ನ ಗೆಳೆಯ,
ಧಾರವಾಡ