ನಾಟಕ ತಂಡಗಳಲ್ಲೂ ದೂರು ಸಮಿತಿ ಇರಲಿ

ಮಾನ್ಯರೇ,

ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಗತಿ ಕುರಿತ ಕೇರಳದ ಹೇಮಾ ಸಮಿತಿ ವರದಿ 2024ರ ಆಗಸ್ಟ್‌ನಲ್ಲಿ ಹೊರಬಿದ್ದ ಮೇಲೆ ಚರ್ಚೆ ಸಿನಿಮಾದ ಸುತ್ತಲೇ ನಡೆಯಿತು. ರಂಗಭೂಮಿಯ ಹೆಣ್ಣುಮಕ್ಕಳ ಪಾಡೇನು? ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅವರಿಗೂ ಇದೆ. ಸಂಭಾವನೆ ಇಲ್ಲದೆ ಪಾತ್ರ ಮಾಡುವವರೂ ಕಾಯ್ದೆಯ ಪ್ರಕಾರ ಉದ್ಯೋಗಿಗಳೇ. ಪ್ರದರ್ಶನಕ್ಕೆ ಹೋದ ಪರ ಊರು, ತಂಡದವರು ಮಾಡಿಕೊಟ್ಟ ವ್ಯಾನ್ ಕೂಡ ಕೆಲಸದ ಸ್ಥಳವೇ.

ತಂಡದಲ್ಲಿ ಹತ್ತು ಅಥವಾ ಹೆಚ್ಚು ಮಂದಿ ಇದ್ದರೆ ದೂರು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯ. ಹಿರಿಯ ಮಹಿಳೆಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು ಇರಲೇಬೇಕು. ಎಡವಟ್ಟಾಗುವುದು ಸಣ್ಣ ತಂಡಗಳಲ್ಲಿ. ಅಲ್ಲಿ ಪಾತ್ರ ಹಂಚುವವರೂ ನಿರ್ದೇಶಕರೇ, ದುಡ್ಡು ಕೊಡುವವರೂ ಅವರೇ. ಜನ ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಯಜಮಾನರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಲಿಖಿತ ದೂರಿಗೆ ಗಡುವು ಮೂರು ತಿಂಗಳು. ಸಕಾರಣವಿದ್ದರೆ ಮತ್ತೆ ಮೂರು ತಿಂಗಳು. ಹೊಸ ಹುಡುಗಿಯರಿಗೆ ಇದು ತಿಳಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ, ಅದೇ ಸಂಕಟ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಧನಸಹಾಯದ ಅರ್ಜಿಯ ಜೊತೆಗೇ ಸಮಿತಿ ಸದಸ್ಯರ ಪಟ್ಟಿ ಕೇಳಲಿ. ತಾಲೀಮು ನಡೆಯುವ ಜಾಗದಲ್ಲಿ ಸ್ಥಳೀಯ ಸಮಿತಿಯ ವಿಳಾಸ, ಫೋನ್ ನಂಬರ್ ಇರುವ ಬೋರ್ಡ್ ಹಾಕಿಸಲಿ.