ಗೋಲು ಹೊಡೆಯೋರು ಯಾರು, ಮಂಜು?

ಪ್ರೀತಿಯ ಮಂಜು,

2025ರ ನವೆಂಬರ್ 18ರಂದು ಢಾಕಾದಲ್ಲಿ, ಏಷ್ಯನ್ ಕಪ್ ಫುಟ್‌ಬಾಲ್ ಅರ್ಹತಾ ಸುತ್ತಿನಲ್ಲಿ, ನಾವು ಬಾಂಗ್ಲಾದೇಶಕ್ಕೆ 1-0ರಲ್ಲಿ ಸೋತ ರಾತ್ರಿ ನೀನು ಕಳಿಸಿದ ಮೆಸೇಜಿಗೆ ಇನ್ನೂ ಉತ್ತರ ಕೊಟ್ಟಿಲ್ಲ. "ಸಾಕಾಯ್ತು ಕಣೋ, ಇನ್ಮೇಲೆ ಇಂಡಿಯಾ ಮ್ಯಾಚ್ ನೋಡಲ್ಲ" ಅಂತ ಬರೆದಿದ್ದೆ. ನಾಲ್ಕೈದು ಸಲ ಬರೆದು ಅಳಿಸಿದೆ. ಫೋನ್ ಮಾಡಿದರೆ ಇಬ್ಬರೂ ಕೂಗಾಡಿ ಇಟ್ಟುಬಿಡುತ್ತೇವೆ, ಅದಕ್ಕೇ ಪತ್ರ. ನಮ್ಮ ಹಾಗೆ ನೊಂದವರು ಇನ್ನೂ ತುಂಬ ಜನ ಇದ್ದಾರೆ, ಅವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ನಿನ್ನ ಕೋಪ ನನಗೆ ಅರ್ಥವಾಗುತ್ತದೆ. 2003ರ ನಂತರ ನಾವು ಬಾಂಗ್ಲಾದೇಶಕ್ಕೆ ಸೋತೇ ಇರಲಿಲ್ಲ. 11ನೇ ನಿಮಿಷಕ್ಕೆ ಮೊರ್ಸಾಲಿನ್ ಗೋಲು ಹೊಡೆದ. ಆಮೇಲೆ ಸುಮಾರು ಎಂಬತ್ತು ನಿಮಿಷ ಇತ್ತು ನಮ್ಮ ಕೈಲಿ. ಎಂಬತ್ತು ನಿಮಿಷದಲ್ಲಿ ಒಂದು ಗೋಲು ಬರಲಿಲ್ಲ. ಅದೇ ರಾತ್ರಿ ಸಿಂಗಾಪುರ ಹಾಂಗ್‌ಕಾಂಗಿಗೆ ಹೋಗಿ, ಮೊದಲು ಗೋಲು ಬಿಟ್ಟುಕೊಟ್ಟು, ಆಮೇಲೆ 2-1ರಲ್ಲಿ ಗೆದ್ದು ಏಷ್ಯನ್ ಕಪ್ಪಿಗೆ ಹೋಯಿತು. ಅರ್ಹತಾ ಪಂದ್ಯ ಗೆದ್ದು ಅವರು ಅಲ್ಲಿಗೆ ಹೋಗುತ್ತಿರುವುದು ಇದೇ ಮೊದಲು. 1984ರಲ್ಲಿ ಆಡಿದ್ದು ಆತಿಥೇಯರಾಗಿ. ಸಿಂಗಾಪುರದ ನಿನ್ನ ಆಫೀಸಿನವರು ಮಾರನೇ ದಿನ ಕೆಂಪು ಜೆರ್ಸಿ ಹಾಕಿಕೊಂಡು ಬಂದಿದ್ದರು ಅಂದೆಯಲ್ಲ, ಅವರಿಗೆ ನನ್ನ ಕಡೆಯಿಂದಲೂ ಅಭಿನಂದನೆ ಹೇಳು. ನಿಜವಾಗಲೂ ಹೇಳು. ಅವರು ಆಡಿ ಗೆದ್ದಿದ್ದಾರೆ, ನಮ್ಮನ್ನೂ ನಮ್ಮ ನೆಲದಲ್ಲೇ ಸೋಲಿಸಿ ಹೋಗಿದ್ದಾರೆ.

ಸಿಂಗಾಪುರದ ಎದುರಿನ ಆ ಮ್ಯಾಚಿಗೆ ನಾನು ಗೋವಾದ ಮಡಗಾಂವ್‌ಗೆ ಹೋಗಿದ್ದೆ, ನಿನಗೆ ಗೊತ್ತು. ಅಕ್ಟೋಬರ್ 14. ಅದಕ್ಕೆ ಐದು ದಿನ ಮೊದಲು, ಅವರ ಊರಿನ ಮ್ಯಾಚಿಗೆ, ನೀನು ಸಿಂಗಾಪುರದ ಕಲ್ಲಾಂಗ್‌ನ ಸ್ಟೇಡಿಯಮ್ಮಿನಲ್ಲಿ ಕೂತಿದ್ದೆ. ನಮ್ಮ ಡಿಫೆಂಡರ್ ಜಿಂಗನ್‌ಗೆ ರೆಡ್ ಕಾರ್ಡ್ ಬಿದ್ದು, ಹತ್ತೇ ಜನ ಉಳಿದು, 90ನೇ ನಿಮಿಷಕ್ಕೆ ಅವರ ಡಿಫೆನ್ಸಿನ ಒಂದು ತಪ್ಪನ್ನು ಹಿಡಿದು ರಹೀಂ ಅಲಿ ಗೋಲು ಹಾಕಿದಾಗ ನೀನು ಕಳಿಸಿದ ವಾಯ್ಸ್ ಮೆಸೇಜಿನಲ್ಲಿ ಬರೀ ಕಿರುಚಾಟ. ಅದನ್ನು ಕೇಳಿಯೇ ನಾನು ಬಸ್ ಬುಕ್ ಮಾಡಿದ್ದು. ಮಡಗಾಂವ್‌ನ ಫತೋರ್ಡಾ ಸ್ಟೇಡಿಯಮ್ಮಿನಲ್ಲಿ 14ನೇ ನಿಮಿಷಕ್ಕೆ ಚಾಂಗ್ಟೆ ಬಾಕ್ಸಿನ ಹೊರಗಿನಿಂದ ಎಡಗಾಲಲ್ಲಿ ಹೊಡೆದನಲ್ಲ, ಆಗ ಪಕ್ಕದಲ್ಲಿದ್ದ ಗುರುತಿಲ್ಲದ ಹಿರಿಯರೊಬ್ಬರು ನನ್ನನ್ನು ಅಪ್ಪಿಕೊಂಡು ಅಳುವುದಕ್ಕೇ ಶುರು ಮಾಡಿದರು. 44ನೇ ನಿಮಿಷಕ್ಕೆ ಸಿಂಗಾಪುರದ ಸಾಂಗ್ ಉಯ್-ಯಂಗ್ ಸಮ ಮಾಡಿದ. 58ಕ್ಕೆ ಮತ್ತೆ ಅವನೇ. ಆ ಹಿರಿಯರು ಕೊನೆಯ ಅರ್ಧ ಗಂಟೆ ಮಾತೇ ಆಡಲಿಲ್ಲ, ಕೈಲಿದ್ದ ಧ್ವಜವನ್ನು ಮಡಿಸುವುದು ಬಿಚ್ಚುವುದು, ಮಡಿಸುವುದು ಬಿಚ್ಚುವುದು, ಅಷ್ಟೇ ಮಾಡುತ್ತಿದ್ದರು. ಮಾರನೇ ದಿನ ವಾಪಸ್ ಬರುವಾಗ ಬಸ್ಸು ಅಂಕೋಲಾ ದಾಟುವ ತನಕ ನನಗೆ ಕಿಟಕಿಯಿಂದ ಮುಖ ತಿರುಗಿಸಲು ಆಗಲಿಲ್ಲ. 2027ರ ಏಷ್ಯನ್ ಕಪ್ಪಿನಲ್ಲಿ 24 ತಂಡ ಆಡುತ್ತವೆ. ಇಪ್ಪತ್ತನಾಲ್ಕು! ಅದರಲ್ಲಿ ನಮಗೆ ಜಾಗ ಇಲ್ಲ.

ನೀನು ಕೋಚ್‌ಗಳನ್ನು ಬೈಯುತ್ತೀಯ. ಸ್ಟಿಮಾಚ್ ಹೋದರು, ಮನೋಲೊ ಒಂದೇ ವರ್ಷಕ್ಕೆ ಹೋದರು, ಆಮೇಲೆ ಖಾಲಿದ್ ಜಮೀಲ್ ಬಂದರು. ಖಾಲಿದ್ ಬಂದ ಹೊಸದರಲ್ಲೇ 2025ರ ಸೆಪ್ಟೆಂಬರಿನಲ್ಲಿ ಕಾಫಾ ನೇಷನ್ಸ್ ಕಪ್ಪಿನಲ್ಲಿ ತಂಡ ಪೆನಾಲ್ಟಿಯಲ್ಲಿ ಒಮಾನ್ ಮೇಲೆ ಗೆದ್ದು ಮೂರನೇ ಸ್ಥಾನ ತಂದಾಗ ನೀನೇ ಅವರನ್ನು ಹೊಗಳಿದ್ದೆ. ಎರಡು ತಿಂಗಳಲ್ಲಿ ಅವರು ಕೆಟ್ಟವರಾಗಲಿಲ್ಲ. ಕೋಚ್ ಬದಲಾದರೂ ಬದಲಾಗದ ಒಂದು ವಿಷಯ ಇದೆ, ಅದನ್ನು ಹೇಳೋಕೇ ಇಷ್ಟುದ್ದ ಬರೆಯುತ್ತಿರುವುದು. ನಮಗೆ ಗೋಲು ಹೊಡೆಯುವವರಿಲ್ಲ.

ಮೊನ್ನೆ ಪೆನ್ನು ಕಾಗದ ಹಿಡಿದು ಕೂತು ಲೆಕ್ಕ ಹಾಕಿದೆ. 2023ರ ನವೆಂಬರಿಂದ ಶುರುವಾದ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ 6 ಮ್ಯಾಚ್, 3 ಗೋಲು. 2024ರ ಜನವರಿಯಲ್ಲಿ ಕತಾರಿನ ಏಷ್ಯನ್ ಕಪ್ಪಿನಲ್ಲಿ 3 ಮ್ಯಾಚ್, ಒಂದೂ ಗೋಲಿಲ್ಲ. ಈ ಸಲದ ಅರ್ಹತಾ ಸುತ್ತಿನಲ್ಲಿ ಢಾಕಾ ಸೇರಿ 5 ಮ್ಯಾಚ್, 2 ಗೋಲು. ಒಟ್ಟು 14 ಮ್ಯಾಚಿನಲ್ಲಿ 5 ಗೋಲು. ಗೆದ್ದದ್ದು ಒಂದೇ ಒಂದು, ಕುವೈತಿನಲ್ಲಿ ಮನ್‌ವೀರ್ ಹೊಡೆದ ಗೋಲಿನಿಂದ. ನಾವು ಎರಡು ವರ್ಷ ಯಾವ ಯಾವುದಕ್ಕೋ ಜಗಳ ಆಡಿದೆವಲ್ಲ, ಫಾರ್ಮೇಷನ್ನು, ಗೋಲ್‌ಕೀಪರ್ ಯಾರು, ಕ್ಯಾಪ್ಟನ್ ಯಾರು ಅಂತ, ಅದೆಲ್ಲ ಈ ಒಂದು ಸಾಲಿನ ಮುಂದೆ ಸಣ್ಣದು.

ಆ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಕತಾರ್ ಎದುರಿನ ದೋಹಾ ಮ್ಯಾಚಿನ ಮೋಸ ನೀನು ಇನ್ನೂ ಮರೆತಿಲ್ಲ. ಯಾರು ಮರೀತಾರೆ? ಚಾಂಗ್ಟೆ ಗೋಲಿನಿಂದ ನಾವು ಮುಂದಿದ್ದೆವು, 73ನೇ ನಿಮಿಷಕ್ಕೆ ಚೆಂಡು ಗೆರೆ ದಾಟಿ ಹೊರಗೆ ಹೋಗಿದ್ದನ್ನು ಒಳಗೆ ಎಳೆದು ಗೋಲು ಹಾಕಿದರು, ರೆಫರಿ ಕೊಟ್ಟೇಬಿಟ್ಟರು, ವೀಡಿಯೊ ನೋಡಿ ತೀರ್ಪು ಸರಿಪಡಿಸುವ ವಿಎಆರ್ ಇರಲಿಲ್ಲ. ಅನ್ಯಾಯವೇ. ಆದರೆ ಆ ಗುಂಪಿನ ಪಟ್ಟಿಯನ್ನು ಒಮ್ಮೆ ತೆಗೆದು ನೋಡು. ಎರಡನೇ ಸ್ಥಾನದ ಕುವೈತಿಗೆ 7 ಅಂಕ, ನಮಗೆ 5. ಅಂದರೆ 2024ರ ಜೂನ್ 6ರಂದು ಕೋಲ್ಕತ್ತಾದ ಸಾಲ್ಟ್ ಲೇಕಿನಲ್ಲಿ ಕುವೈತ್ ಎದುರು ನಾವು ಒಂದು ಗೋಲು ಹೊಡೆದು ಗೆದ್ದಿದ್ದರೆ ನಮಗೆ 7 ಆಗುತ್ತಿತ್ತು, ಅವರಿಗೆ 6 ಆಗುತ್ತಿತ್ತು. ದೋಹಾದಲ್ಲಿ ರೆಫರಿ ಏನೇ ಮಾಡಿದ್ದರೂ ನಾವು ಮೂರನೇ ಸುತ್ತಿಗೆ ಹೋಗುತ್ತಿದ್ದೆವು. ಮೊದಲ ಸಲ! ಗುವಾಹಟಿಯಲ್ಲಿ ಅಫ್ಘಾನಿಸ್ತಾನವನ್ನು ಸೋಲಿಸಿದ್ದರಂತೂ 8 ಅಂಕ. ಅಲ್ಲಿ ನಮ್ಮ ಕ್ಯಾಪ್ಟನ್ ಸುನಿಲ್ ಚೆಟ್ರಿಯವರ 150ನೇ ಮ್ಯಾಚು, ಅವರೇ ಪೆನಾಲ್ಟಿ ಹೊಡೆದು ಮುಂದಿಟ್ಟಿದ್ದರು, ಕೊನೆಯ ಇಪ್ಪತ್ತು ನಿಮಿಷದಲ್ಲಿ ಎರಡು ಗೋಲು ಬಿಟ್ಟುಕೊಟ್ಟೆವು.

ಸಾಲ್ಟ್ ಲೇಕಿನ ಆ ರಾತ್ರಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. 0-0. ಚೆಟ್ರಿಯವರ ವಿದಾಯದ ಮ್ಯಾಚ್. ಕೊನೆಗೆ ಅವರು ಕೈ ಮುಗಿದುಕೊಂಡು ಸ್ಟ್ಯಾಂಡುಗಳ ಮುಂದೆ ನಡೆದರು, ಅತ್ತರು, ನಮ್ಮ ಮನೆಯಲ್ಲಿ ಫುಟ್‌ಬಾಲ್ ಅಂದರೆ ಏನಂತ ಗೊತ್ತಿಲ್ಲದ ಅಮ್ಮನೂ ಟಿವಿ ಮುಂದೆ ನಿಂತು ಕಣ್ಣೊರೆಸಿಕೊಂಡರು. ಆ ಅಳುವಿನಲ್ಲಿ ನಮಗೆ ಆ ಒಂದು ಗೋಲಿನ ಲೆಕ್ಕ ಕಾಣಿಸಲೇ ಇಲ್ಲ.

ಆಮೇಲೆ ಒಂಬತ್ತು ತಿಂಗಳಿಗೆ ಅವರನ್ನೇ ವಾಪಸ್ ಕರೆದರು, ಅಲ್ವಾ? ನಲವತ್ತು ವರ್ಷದವರನ್ನು. ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ಮೇಲೆ 3-0ರಲ್ಲಿ ಗೆದ್ದೆವು, ಅದರಲ್ಲೊಂದು ಅವರದ್ದು, ದೇಶಕ್ಕಾಗಿ 95ನೇ ಗೋಲು. ಕಂಠೀರವದಲ್ಲಿ ನಮ್ಮ ಕಣ್ಣೆದುರೇ ಬೆಳೆದವರು, ಮತ್ತೆ ನೀಲಿ ಜೆರ್ಸಿಯಲ್ಲಿ ನೋಡಿ ನಾನೂ ಕುಣಿದಾಡಿದೆ. ಆದರೆ ಯಾಕೆ ಕರೆದರು ಅಂತ ಯೋಚನೆ ಮಾಡಿದಾಗ ಎದೆ ಭಾರವಾಗುತ್ತದೆ. 2024-25ರ ಐಎಸ್ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಅವರೇ, ನಮ್ಮ ಬೆಂಗಳೂರು ಎಫ್‌ಸಿಗಾಗಿ (ಬಿಎಫ್‌ಸಿ) 14 ಗೋಲು. ಇಪ್ಪತ್ತೆರಡು, ಇಪ್ಪತ್ತನಾಲ್ಕು ವಯಸ್ಸಿನ ಒಬ್ಬ ಹುಡುಗನೂ ಅವರ ಮುಂದೆ ಇರಲಿಲ್ಲ. ಅವರು ಮರಳಿ ಬಂದದ್ದು ತಪ್ಪಲ್ಲ. ಅವರ ಜಾಗಕ್ಕೆ ಹತ್ತು ವರ್ಷದಿಂದ ಯಾರನ್ನೂ ತಯಾರು ಮಾಡದೇ ಇದ್ದದ್ದು ತಪ್ಪು.

ಯಾಕೆ ತಯಾರಾಗಲಿಲ್ಲ ಅಂದರೆ, ಯಾವ ಕ್ಲಬ್ಬಿನ ತಂಡವನ್ನಾದರೂ ನೋಡು. ಮೈದಾನದಲ್ಲಿ ನಾಲ್ಕು ವಿದೇಶಿ ಆಟಗಾರರಿಗೆ ಅವಕಾಶ ಇದೆ, ಅದರಲ್ಲಿ ಒಬ್ಬ ಗ್ಯಾರಂಟಿ ಮುಂದೆ ನಿಲ್ಲುವ ಸ್ಟ್ರೈಕರ್. ಕ್ಲಬ್ಬಿನವರನ್ನು ನಾನು ಬೈಯಲ್ಲ, ದುಡ್ಡು ಹಾಕಿದವರಿಗೆ ಗೋಲು ಬೇಕು, ಗೋಲು ತರುವವನನ್ನು ಹೊರಗಿನಿಂದ ಕರೆಸುತ್ತಾರೆ. ಆದರೆ ನಮ್ಮ ಹುಡುಗ ಚಿಕ್ಕ ವಯಸ್ಸಿನಲ್ಲಿ ನಂಬರ್ ನೈನ್, ಅಂದರೆ ಸ್ಟ್ರೈಕರ್, ಆಗಿದ್ದವನು ಸೀನಿಯರ್ ತಂಡಕ್ಕೆ ಬಂದ ಕೂಡಲೇ ಪಕ್ಕಕ್ಕೆ, ವಿಂಗಿಗೆ ಹೋಗುತ್ತಾನೆ, ಇಲ್ಲ ಬೆಂಚಿನಲ್ಲಿ ಕೂರುತ್ತಾನೆ. ಓಡುವುದು ಕಲಿಯುತ್ತಾನೆ, ಕ್ರಾಸ್ ಹಾಕುವುದು ಕಲಿಯುತ್ತಾನೆ. ಇಬ್ಬರು ಡಿಫೆಂಡರ್‌ಗಳ ನಡುವೆ ಬೆನ್ನು ಕೊಟ್ಟು ನಿಂತು, ಅರೆಕ್ಷಣದಲ್ಲಿ ತಿರುಗಿ ಹೊಡೆಯುವುದನ್ನು ಎಲ್ಲಿ ಕಲಿಯಬೇಕು? ಕ್ಲಬ್ಬಿನಲ್ಲಿ ವಾರ ವಾರ ಮಾಡದ ಕೆಲಸವನ್ನು ದೇಶದ ಜೆರ್ಸಿ ಹಾಕಿದ ದಿನ ಮಾಡು ಅಂದರೆ ಹೇಗೆ ಮಾಡುತ್ತಾನೆ?

ಅಕ್ಕನ ಮಗ ಗೊತ್ತಲ್ಲ ನಿನಗೆ, ಈಗ ಹನ್ನೆರಡು ವರ್ಷ. ಫುಟ್‌ಬಾಲ್ ಹುಚ್ಚು. ಶನಿವಾರ ನಾನೇ ಕೋಚಿಂಗಿಗೆ ಕರೆದುಕೊಂಡು ಹೋಗುತ್ತೇನೆ. ಅದು ಬಲೆ ಕಟ್ಟಿದ ಟರ್ಫ್, ಐದೈದು ಜನರ ಆಟ, ಗಂಟೆ ಲೆಕ್ಕಕ್ಕೆ ಬಾಡಿಗೆ, ನಮ್ಮ ಸಮಯ ಮುಗಿಯುವ ಮೊದಲೇ ಮುಂದಿನ ಗುಂಪು ಬಾಗಿಲಲ್ಲಿ ಶೂ ಕಟ್ಟಿಕೊಂಡು ನಿಂತಿರುತ್ತದೆ. ಚೆಂಡು ತಲೆ ಮೇಲೆ ಹೋಗಬಾರದು ಅಂತ ನಿಯಮ. ಗೋಲು ಪೋಸ್ಟು ಅವನ ಎದೆ ಮಟ್ಟಕ್ಕಿದೆ. ನಿಜವಾದ ದೊಡ್ಡ ಮೈದಾನದಲ್ಲಿ ಹನ್ನೊಂದು ಜನರ ಮ್ಯಾಚು ಈ ವರ್ಷ ಎಷ್ಟು ಆಡಿದೆ ಅಂತ ಕೇಳಿದೆ. ಬೆರಳು ಮಡಿಸಿ ಎಣಿಸಿದ, "ಏಳು ಮಾಮ" ಅಂದ. ಎಷ್ಟು ಗೋಲು ಅಂದೆ. "ಒಂದು ಹೆಡ್ ಮಾಡಿದ್ದೆ, ಮೇಲಕ್ಕೆ ಹೋಯ್ತು" ಅಂದ. ಅವನಿಗೆ ತುಂಬಾ ಆಸೆ ಇದೆ ಮಂಜು. ನಾವು ಅವನಿಗೆ ಏಳು ಮ್ಯಾಚ್ ಕೊಟ್ಟಿದ್ದೇವೆ.

ಇದೇ ಬೆಂಗಳೂರಿನಿಂದ ಅಹ್ಮದ್ ಖಾನ್ ಹೋಗಿ 1948ರ, 1952ರ ಒಲಿಂಪಿಕ್ಸ್ ಆಡಿದರು, 1951ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದ ತಂಡದಲ್ಲಿದ್ದರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಇವತ್ತಿಗೂ ಪೆಲೆ ಪ್ರತಿಮೆ ಇದೆ, ನಾವಿಬ್ಬರೂ ಒಮ್ಮೆ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೆವು. ಆಟದ ಆಸೆ ಇಲ್ಲದ ಊರಲ್ಲ ನಮ್ಮದು.

2025ರಲ್ಲಿ ದೊಡ್ಡವರ ಲೀಗೂ ನಿಂತುಹೋಯಿತು. ಜುಲೈಯಲ್ಲಿ ಐಎಸ್ಎಲ್ ತಡೆಹಿಡಿದರು, ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ 15 ವರ್ಷದ ಒಪ್ಪಂದ ಡಿಸೆಂಬರಿಗೆ ಮುಗಿಯುತ್ತದೆ ಅಂತ. ಹೊಸ ಟೆಂಡರ್ ಕರೆದರೆ ನವೆಂಬರಿನ ಗಡುವಿನೊಳಗೆ ಒಬ್ಬರೂ ಬಿಡ್ ಹಾಕಲಿಲ್ಲ. ಆಟಗಾರರು ಒಟ್ಟಾಗಿ ಹೇಳಿಕೆ ಕೊಟ್ಟು, ದಯವಿಟ್ಟು ನಮಗೆ ಆಡೋಕೆ ಬಿಡಿ ಅಂತ ಕೇಳುವ ಸ್ಥಿತಿ ಬಂತು. ಲೀಗಿಲ್ಲದೆ, ಬರೀ ಕ್ಯಾಂಪ್ ಮಾಡಿ, ಸಿಂಗಾಪುರದ ಎದುರು ನಿಂತ ಹುಡುಗರು ಅವರು. ಅವರ ಮೇಲೆ ನಿನಗೆ ಕೋಪ ಬಂದರೆ ಇದನ್ನೂ ಒಂದು ಸಲ ನೆನೆಸಿಕೋ.

ರಯಾನ್ ವಿಲಿಯಮ್ಸ್ ವಿಷಯ ಕೇಳಿದ್ದೆಯಲ್ಲ. ಹೌದು, ನಿಜ, ನಮ್ಮ ಬಿಎಫ್‌ಸಿಯ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟುಕೊಟ್ಟು ಭಾರತದ ಪಾಸ್‌ಪೋರ್ಟ್ ತೆಗೆದುಕೊಂಡಿದ್ದಾನೆ. ಅವನ ತಾಯಿ ಮುಂಬೈಯವರು. ಪಾಸ್‌ಪೋರ್ಟನ್ನು ಚೆಟ್ರಿಯವರೇ ಕೈಗೆ ಕೊಟ್ಟರು. ಢಾಕಾ ತನಕ ಹೋಗಿದ್ದ, ಆದರೆ ಆಸ್ಟ್ರೇಲಿಯಾದಿಂದ ಬರಬೇಕಾದ ಕಾಗದ ಬರದೆ ಆಡಲಿಲ್ಲ. ಇಷ್ಟು ದೊಡ್ಡದನ್ನು ಬಿಟ್ಟು ನಮ್ಮ ಜೊತೆ ನಿಲ್ಲುತ್ತೇನೆ ಅಂತ ಬಂದವನನ್ನು ನಾನು ಎರಡೂ ಕೈ ಚಾಚಿ ಸ್ವಾಗತ ಮಾಡುತ್ತೇನೆ. ಆದರೆ ಒಬ್ಬ ಬಂದರೆ ಒಂದು ಜಾಗ ತುಂಬುತ್ತದೆ, ಅಕ್ಕನ ಮಗನಿಗೆ ಎಂಟನೇ ಮ್ಯಾಚ್ ಸಿಗುವುದಿಲ್ಲ.

ಇನ್ನೊಂದು ವಿಷಯ. ಜುಲೈ 5ರಂದು ನಾನು ಒಂದು ಲಿಂಕ್ ಕಳಿಸಿದ್ದೆ, ನೀನು ತೆಗೆದು ನೋಡಿದೆಯೋ ಇಲ್ಲವೋ. ನಮ್ಮ ಮಹಿಳಾ ತಂಡ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು ಅವರ ಊರಲ್ಲೇ 2-1ರಲ್ಲಿ ಸೋಲಿಸಿ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರದ್ದು. ಥಾಯ್ಲೆಂಡ್ ಎರಡು ಸಲ ವಿಶ್ವಕಪ್ ಆಡಿದ ತಂಡ. ನಾವು ಗಂಡಸರ ತಂಡದ ದುಃಖದಲ್ಲಿ ಮುಳುಗಿ ಇದನ್ನು ಸರಿಯಾಗಿ ಸಂಭ್ರಮಿಸಲೂ ಇಲ್ಲ. ನಂಗೆ ಅದು ಚುಚ್ಚುತ್ತದೆ. 2026ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದಲ್ಲಿ ಅವರು ಆಡುತ್ತಾರೆ, ವಿಯೆಟ್ನಾಂ ಮೇಲೆ ಮೊದಲ ಮ್ಯಾಚ್. ಇಂಡಿಯಾ ಮ್ಯಾಚ್ ನೋಡಲ್ಲ ಅಂದೆಯಲ್ಲ, ಅದೂ ಇಂಡಿಯಾ ಮ್ಯಾಚೇ.

2023ರ ಜುಲೈ 4 ನೆನಪಿದೆಯಾ? ಕಂಠೀರವ, ದಕ್ಷಿಣ ಏಷ್ಯಾದ ಸ್ಯಾಫ್ ಕಪ್ಪಿನ ಫೈನಲ್, ಎದುರಾಳಿ ಕುವೈತ್. ಕೆಲಸ ಬೇಗ ಮುಗಿಸಿ ಹಡ್ಸನ್ ಸರ್ಕಲ್‌ನಿಂದ ಓಡಿಕೊಂಡೇ ಬಂದೆವು. ಕೂರುವ ಜಾಗದಲ್ಲಿ ಯಾರೂ ಕೂತಿರಲಿಲ್ಲ. ಪೆನಾಲ್ಟಿ ಶುರುವಾದಾಗ ನೀನು ನನ್ನ ಭುಜ ಹಿಡಿದು ಬೆನ್ನ ಹಿಂದೆ ಮುಖ ಮುಚ್ಚಿಕೊಂಡೆ, ಪ್ರತಿ ಹೊಡೆತಕ್ಕೂ "ಏನಾಯ್ತು, ಏನಾಯ್ತು" ಅಂತ ನನ್ನನ್ನೇ ಕೇಳುತ್ತಿದ್ದೆ. ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಕೊನೆಯದನ್ನು ತಡೆದಾಗ ನಾನು ಹೇಳಲೇ ಇಲ್ಲ, ಶಬ್ದ ಕೇಳಿಯೇ ನಿನಗೆ ಗೊತ್ತಾಯಿತು. ಆಮೇಲೆ ಇಡೀ ಸ್ಟೇಡಿಯಂ ವಂದೇ ಮಾತರಂ ಹಾಡಿತು. ಅದೇ ತಿಂಗಳು ಫಿಫಾ ಪಟ್ಟಿಯಲ್ಲಿ ನಾವು 99ನೇ ರ‍್ಯಾಂಕಿಗೆ ಬಂದೆವು. 2025ರ ನವೆಂಬರಿಗೆ 142. ಅಲ್ಲಿದ್ದ ಹುಡುಗರಲ್ಲಿ ತುಂಬಾ ಜನ ಇವರೇ ಕಣೋ.

ಅವತ್ತು ನಿನ್ನ ಜೆರ್ಸಿ ನೆನೆದು ಹೋಗಿತ್ತು, ನಮ್ಮ ಮನೆಯಲ್ಲಿ ಬದಲಾಯಿಸಿಕೊಂಡು ಹೋಗಿದ್ದೆ, ಇನ್ನೂ ಇಲ್ಲೇ ಇದೆ. ಅಕ್ಕನ ಮಗ ಅದನ್ನು ಹಾಕಿಕೊಳ್ಳಲೇ ಅಂತ ಕೇಳುತ್ತಿರುತ್ತಾನೆ, ಮೊಣಕಾಲಿನ ತನಕ ಬರುತ್ತದೆ ಅವನಿಗೆ. ಮಂಜು ಮಾಮನದ್ದು, ಅವನು ಬಂದು ಹಾಕಿಕೊಳ್ಳುತ್ತಾನೆ ಅಂದಿದ್ದೇನೆ.

2026ರ ಮಾರ್ಚ್ 31ಕ್ಕೆ ಹಾಂಗ್‌ಕಾಂಗ್ ಜೊತೆ ನಮ್ಮ ನೆಲದಲ್ಲಿ ಒಂದು ಮ್ಯಾಚ್ ಉಳಿದಿದೆ. ಗೆದ್ದರೂ ಎಲ್ಲಿಗೂ ಹೋಗುವುದಿಲ್ಲ, ಗೊತ್ತು. ಯಾವ ಊರಲ್ಲಿ ಇಟ್ಟರೂ ನಾನು ಹೋಗುತ್ತೇನೆ, ಅವನನ್ನೂ ಕರೆದುಕೊಂಡು ಹೋಗುತ್ತೇನೆ, ದೊಡ್ಡ ಗೋಲು ಪೋಸ್ಟಿನ ಹಿಂದೆಯೇ ಸೀಟು ಹಿಡಿಯುತ್ತೇನೆ. ಟಿಕೆಟ್ ಎರಡು ತೆಗೆಯಲೋ, ಮೂರು ತೆಗೆಯಲೋ ಅಂತ ಮಾತ್ರ ಹೇಳು. ರಜೆ ಈಗಲೇ ಕೇಳಿಟ್ಟುಕೋ.

ನಿನ್ನ ಉತ್ತರ ಕಾಯುತ್ತಾ,
ನಿನ್ನ ಗೆಳೆಯ