ಹತ್ತು ಸಾವಿರ ಯಾಕೆ ಕಡಿಮೆ ಅಂದರೆ

ಲೈಪ್‌ಜಿಗ್, ಜರ್ಮನಿ, ಆಗಸ್ಟ್ 9

ಅಮ್ಮನಿಗೂ ಅಪ್ಪಾಜಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಈ ತಿಂಗಳು ಹತ್ತು ಸಾವಿರ ಕಡಿಮೆ ಬಂತಲ್ಲ ಅಂತ ಅಪ್ಪಾಜಿ ಕೇಳಲಿಲ್ಲ. ಅವರು ಕೇಳುವವರೂ ಅಲ್ಲ. ನೀನು ಮಾತ್ರ ಫೋನಿನಲ್ಲಿ ಎರಡು ಸಲ "ಎಲ್ಲ ಸರಿ ಇದೆ ತಾನೇ?" ಅಂದೆ. ಆಗಲೇ ಹೇಳಿಬಿಡುತ್ತಿದ್ದೆ, ಹಿಂದೆ ಅಜ್ಜಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅದಕ್ಕೇ ಈ ಕಾಗದ.

ನನ್ನ ಫ್ರಿಜ್ ಕೆಟ್ಟಿತು.

ಅದು ನನ್ನದೂ ಅಲ್ಲ, ಈ ಮನೆಯಲ್ಲಿ ಮೊದಲು ಇದ್ದವರು ಬಿಟ್ಟು ಹೋಗಿದ್ದು. ಹಾಗಾಗಿ ಓನರ್ "ನನಗೂ ಅದಕ್ಕೂ ಸಂಬಂಧವಿಲ್ಲ" ಅಂದುಬಿಟ್ಟರು. ಒಂದು ರಾತ್ರಿ ಅಡುಗೆಮನೆಯಲ್ಲಿ ಟಕ್ ಅಂತ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಬೆಳಿಗ್ಗೆ ಎದ್ದು ನೋಡಿದರೆ ನೆಲದ ಮೇಲೆ ನೀರು. ಬಾಗಿಲು ತೆಗೆದರೆ ಒಳಗೆ ಲೈಟ್ ಉರಿಯುತ್ತಿದೆ, ಆದರೆ ಬೆಣ್ಣೆ ಕರಗಿ ಡಬ್ಬಿಯಲ್ಲಿ ಓಡಾಡುತ್ತಿದೆ. ಹಾಲು, ಸಾರು, ಭಾನುವಾರ ಮಾಡಿಟ್ಟ ಪಂದಿ ಕರಿ, ಎಲ್ಲ ಹೋಯಿತು. ಕರಿಗೆ ಹಾಕಲು ನೀನು ಕಳಿಸಿದ ಹುಳಿ, ಆ ಕಾಚಂಪುಳಿ ಬಾಟಲಿಗೆ ಮಾತ್ರ ಏನೂ ಆಗಲಿಲ್ಲ. ಅದಕ್ಕೆ ಫ್ರಿಜ್ ಯಾವಾಗ ಬೇಕಿತ್ತು, ಅಲ್ವಾ?

ರಿಪೇರಿಯವನು ಬಂದು ಸುಮ್ನೆ ನೋಡಿ ಹೋಗುವುದಕ್ಕೇ 70 ಯೂರೋ ಅಂದ. ಸಾಮಾನಿನ ದುಡ್ಡು ಬೇರೆ. ಹಳೇ ಫ್ರಿಜ್ಜಿಗೆ ಅಷ್ಟು ಸುರಿಯಲು ಮನಸ್ಸು ಬರಲಿಲ್ಲ.

ಎಂಟು ದಿನ ಫ್ರಿಜ್ ಇಲ್ಲದೆ ಕಳೆದೆ. ಇಲ್ಲಿ 34 ಡಿಗ್ರಿ ಬಿಸಿಲು. ಮೊಸರಿನ ಡಬ್ಬಿಯನ್ನು ನೀರಿನ ಬೋಗುಣಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ ಕಿಟಕಿ ಹತ್ತಿರ ಇಡುತ್ತಿದ್ದೆ. ಚೆನ್ನಾಗಿ ತಣ್ಣಗಿರುತ್ತಿತ್ತು. ಇಲ್ಲಿಯ ಗಾಳಿ ಒಣಗಾಳಿ, ಬಟ್ಟೆಯ ನೀರು ಬೇಗ ಆರುತ್ತದೆ, ಆರುವಾಗ ಶಾಖ ಎಳೆದುಕೊಂಡು ಹೋಗುತ್ತದೆ. ನಮ್ಮ ಸೋಮವಾರಪೇಟೆ ಮಳೆಯಲ್ಲಿ ಹಾಗೆ ಮಾಡಿದ್ದರೆ ಮೂರು ದಿನಕ್ಕೆ ಬಟ್ಟೆಗೆ ಬೂಸ್ಟು ಬರುತ್ತಿತ್ತು, ಅಷ್ಟೇ.

ಆಮೇಲೆ ಲೆಕ್ಕಕ್ಕೆ ಕೂತೆ. ಅಪ್ಪಾಜಿ, ಇದನ್ನು ನೀವು ಓದಿ. ಊರು ಬಿಡುತ್ತಿದ್ದ ಹುಡುಗನೊಬ್ಬ ತನ್ನ ಹಳೇ ಫ್ರಿಜ್ಜನ್ನು 60 ಯೂರೋಗೆ ಕೊಡುತ್ತೇನೆ ಅಂದ. ಅದರ ಮೇಲೆ, ಕರೆಂಟ್ ಎಷ್ಟು ಉಳಿಸುತ್ತೆ ಅಂತ ತೋರಿಸುವ 'ಎ ಪ್ಲಸ್' ಅನ್ನೋ ದೊಡ್ಡ ಚೀಟಿ. ನಾನೂ ಬೀಗಿದೆ. ಆದರೆ ಆ ಚೀಟಿ ಹಳೇ ಕಾಲದ್ದು. 2021ರ ಮಾರ್ಚ್‌ನಿಂದ ಇಲ್ಲಿ ಪ್ಲಸ್‌ಗಳನ್ನೆಲ್ಲ ತೆಗೆದು ಎ ಇಂದ ಜಿ ವರೆಗೆ ಹೊಸದಾಗಿ ಗುರುತು ಹಾಕುತ್ತಾರೆ. ಅಕ್ಷರ ಬಿಟ್ಟು ಕೆಳಗಿನ ಅಂಕಿ ನೋಡಿದೆ: ವರ್ಷಕ್ಕೆ 290 ಯೂನಿಟ್. ಅಂಗಡಿಯಲ್ಲಿ ನೋಡಿದ ಹೊಸದು 'ಎಫ್', ಕೇಳಲು ಫೇಲಾದವನ ಮಾರ್ಕ್ಸ್‌ಕಾರ್ಡ್ ಹಾಗಿದೆ, ಆದರೆ 115 ಯೂನಿಟ್ಟೇ ತಿನ್ನುವುದು. ನಾನು ಕರೆಂಟಿಗೆ ಯೂನಿಟ್‌ಗೆ 35 ಸೆಂಟ್ ಕಟ್ಟುತ್ತೇನೆ. ಅಂದರೆ ಹಳೇದು ತಂದರೆ ವರ್ಷಕ್ಕೆ ಸುಮಾರು 60 ಯೂರೋ ಬಿಲ್ ಜಾಸ್ತಿ. ಎರಡು ವರ್ಷಕ್ಕೆ 120, ಕೊಟ್ಟಿದ್ದು 60, ಒಟ್ಟು 180. ಹೊಸದರ ಬೆಲೆ 179!

ಅದರ ನಿಜವಾದ ಬೆಲೆ 249. ಬಲಗಡೆ ಒಂದು ನೆಗ್ಗು ಇದೆ, ಅಂಗೈ ಅಗಲ. ಅದಕ್ಕೇ ಇಳಿಸಿ ಕೊಟ್ಟರು. ಆ ಕಡೆ ಗೋಡೆಗೆ ಒರಗಿಸಿದ್ದೇನೆ, ಬಂದವರು ಯಾರೂ ನೋಡಿಲ್ಲ. ಫ್ರೀಜರ್ ಇಲ್ಲ. ನನ್ನ ಸೊಂಟದೆತ್ತರ ಇದೆ. ಒಬ್ಬನಿಗೆ ಇನ್ನೇನು ಬೇಕು?

ಮನೆಗೆ ತಲುಪಿಸಲು ಬೇರೆ ದುಡ್ಡು ಕೇಳಿದರು. ಕೊಡಲಿಲ್ಲ. ಕೈಗಾಡಿ ಸಾಲ ತಂದು, ಕ್ಲಾಸಿನ ಕಾಸರಗೋಡಿನ ಹುಡುಗನನ್ನು ಕರೆದುಕೊಂಡು ಟ್ರಾಮಿನಲ್ಲೇ ತಂದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲ ಮೇಲೆ ವಾಲಿಸಿ ಹೊತ್ತಿದ್ದೆವು, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲಿ ಅಂತ ರಾತ್ರಿಯಿಡೀ ಸ್ವಿಚ್ ಹಾಕದೆ ನೆಟ್ಟಗೆ ನಿಲ್ಲಿಸಿದೆ. ಅವನಿಗೆ ಕೂಲಿ ಅಂತ ಅಕ್ಕಿ ರೊಟ್ಟಿ ತಟ್ಟಿ ಹಾಕಿದೆ. ಆರು ತಿಂದ.

ಮನೆಯಲ್ಲಿ ಕೆಟ್ಟು ನಿಂತಿದ್ದ ಫ್ರಿಜ್ಜನ್ನು ಅಂಗಡಿಯವರು ಬಿಟ್ಟಿಯಾಗಿ ವಾಪಸ್ ತೆಗೆದುಕೊಂಡರು. ಇಲ್ಲಿ ಹಾಗೆ ಕಾನೂನಿದೆ. ಅದನ್ನೂ ಅದೇ ಗಾಡಿಯಲ್ಲಿ ನಾವೇ ಎಳೆದುಕೊಂಡು ಹೋಗಿದ್ದೆವು ಅನ್ನಿ. ನಮ್ಮಲ್ಲಾದರೆ ಗುಜರಿಯವನು ಕೈಗೆ ನಾಲ್ಕು ಕಾಸು ಕೊಟ್ಟು ಹೊತ್ತೊಯ್ಯುತ್ತಿದ್ದ.

ಅಮ್ಮ, ಅಲ್ಲಿ ಕರೆಂಟ್ ಹೋಗಿ ಮೂರು ದಿನ ಅಂದೆಯಲ್ಲ. ಬರುವಾಗ ವೋಲ್ಟೇಜ್ ಏರುಪೇರಾಗುತ್ತೆ, ನಮ್ಮ ಫ್ರಿಜ್ಜಿನ ಪ್ಲಗ್ ಕಿತ್ತಿಡು. ಲೈಟ್ ಮಿಣುಕದೆ ಸರಿಯಾಗಿ ಉರಿಯತೊಡಗಿದ ಮೇಲೆ ಹಾಕಿದರಾಯಿತು. ಈಗ ಅದೂ ಕೆಟ್ಟರೆ ನನ್ನ ಕೈಯಲ್ಲಿ ಆಗೋದಿಲ್ಲ.

ಬರುವ ತಿಂಗಳು ಎಂದಿನಷ್ಟೇ ಕಳಿಸುತ್ತೇನೆ. ಗೊಬ್ಬರದವನಿಗೆ ಅಲ್ಲಿಯವರೆಗೆ ಹೇಳಿಡಿ, ಅಪ್ಪಾಜಿ. ಕಣಿಲೆ ಉಪ್ಪುನೀರಿಗೆ ಹಾಕಿದ್ದರೆ ಒಂದು ಭರಣಿ ನನಗೆ ಅಂತ ಎತ್ತಿಡು, ಅಮ್ಮ. ಡಿಸೆಂಬರ್‌ನಲ್ಲಿ ಕಾಫಿ ಕುಯ್ಲಿಗೆ ಬರುತ್ತೇನೆ.

ಅಜ್ಜಿಗೆ ಪಂದಿ ಕರಿ ಹಾಳಾದ ವಿಷಯ ಮಾತ್ರ ಹೇಳಬೇಡ.

ನಿಮ್ಮ ಮಗ